ಮೆರವಣಿಗೆಗೂ ಬರ್ತೀರಾ?

ಕಳೆದ ಭಾನುವಾರ, ಸಂಜೆ ಐದು ಗಂಟೆ. ಹೊಳಲ್ಕೆರೆಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಇದ್ದದ್ದು ಐದೇ ಜನ: ಭವನದ ಬೀಗದ ಕೈ ಇಟ್ಟುಕೊಳ್ಳುವ ನಾನು, ಮತ್ತು ಸ್ವಂತ ಹಾಡು ಕಟ್ಟಿ, ತಾವೇ ವ್ಯಾನ್ ಓಡಿಸಿಕೊಂಡು ಊರೂರು ತಿರುಗುವ ರಾಕ್ ಬ್ಯಾಂಡಿನ ನಾಲ್ವರು. ಹಿರಿಯೂರಿನಲ್ಲಿ ಒಂಬತ್ತು, ಹೊಸದುರ್ಗದಲ್ಲಿ ಐದು ಜನ ಬಂದಿದ್ದರಂತೆ. ಇಲ್ಲೂ ಹಾಗೇ ಆದರೆ ಚಿತ್ರದುರ್ಗಕ್ಕೆ ಹೋಗದೆ ಮನೆಗೆ ಮರಳುವುದೆಂದು ತೀರ್ಮಾನಿಸಿದ್ದರು.

ಐದೂಕಾಲಿಗೆ ಭವನ ತುಂಬತೊಡಗಿತು. ತಾಳ್ಯ ಹಳ್ಳಿಯಿಂದಲೂ ಜನ ಬಂದರು. ಮೂರು ಹಾಡು ಮುಗಿದ ಮೇಲೆ, ಹೆಗಲಿಗೆ ಕಂಬಳಿ ಹಾಕಿದ್ದ ಹಿರಿಯರೊಬ್ಬರು ಎದ್ದು, ಹಾಡುತ್ತಿದ್ದ ಹುಡುಗಿಯನ್ನು ಕೇಳಿದರು: “ಜೋರಾಗೈತೆ ಕಣವ್ವ. ಮೆರವಣಿಗೇಲಿ ನಡ್ಕಂತ ಬಾರಿಸ್ತೀರೋ, ಗಾಡಿ ಮ್ಯಾಲೆ ಕುಂತ್ಕಂಡೋ?”

ಆಗ ನನಗೆ ಹೊಳೆಯಿತು. ಹೊರಗಿನ ಬೋರ್ಡಿನಲ್ಲಿ ನಾನೇ ‘ಬ್ಯಾಂಡ್‌ಸೆಟ್’ ಎಂದು ಬರೆದಿದ್ದೆ. ಇವರೆಲ್ಲ ಮದುವೆಗೆ ವಾದ್ಯದವರನ್ನು ಗೊತ್ತುಮಾಡಲು ಬಂದವರು!

ಹುಡುಗಿ ನಕ್ಕಳು. “ನಾವು ಮದುವೆಗೆ ಬಾರಿಸೋರಲ್ಲ, ಅಜ್ಜ.”

“ಹಂಗಾರೆ ಇನ್ನೊಂದು ಹಾಡವ್ವ. ಬಂದೀವಲ್ಲ, ಕೇಳ್ಕಂಡೇ ಹೋಗಾಣ,” ಎಂದು ಅವರು ಕುಳಿತರು. ಒಬ್ಬರೂ ಎದ್ದುಹೋಗಲಿಲ್ಲ.

ಏಳಕ್ಕೆ ವ್ಯಾನ್ ಚಿತ್ರದುರ್ಗದ ಕಡೆ ಹೊರಟಿತು. ಬೋರ್ಡನ್ನು ಅಂದಂದೇ ಒರೆಸುವುದು ನನ್ನ ಪದ್ಧತಿ. ನನ್ನ ತಪ್ಪನ್ನು ಇನ್ನೊಮ್ಮೆ ಓದಿಕೊಂಡು, ಒರೆಸಿ, ಬೀಗ ಹಾಕಿದೆ.