ಇಸಾಕ ಅಂದ್ರೆ ಏನರ್ಥ

ಚೊಚ್ಚಲ ಬಾಣಂತನಕ್ಕೆಂದು ನಾನು ಬೇಲೂರಿನ ಗಂಡನ ಮನೆಯಿಂದ ಅರಸೀಕೆರೆಗೆ ಬಂದಾಗ, ಬಾಗಿಲು ತೆರೆದ ಅಮ್ಮನೂ ಬಸುರಿ. ಯಾರೂ ನನಗೆ ಹೇಳಿರಲಿಲ್ಲ. ತಲೆಯಲ್ಲಿ ಆಗಲೇ ಬಿಳಿಗೂದಲು ಇಣುಕುತ್ತಿದ್ದ ಅಮ್ಮ! ಸೆರಗನ್ನು ಎಷ್ಟು ಎಳೆದು ಹೊದ್ದರೂ ಮುಚ್ಚುವಂತಿರಲಿಲ್ಲ. ಕಾಲು ತೊಳೆಯುವ ನೆಪದಲ್ಲಿ ನಾನು ನೆಲ ನೋಡಿದೆ.

ಅದು ಐವತ್ತರ ದಶಕದ ಕೊನೆ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ನಾನು ಬಂದ ಮೇಲೆ ಅವರು ಹಿತ್ತಲ ಬಾಗಿಲಿನಿಂದಲೇ ಆಫೀಸಿಗೆ ಹೋಗತೊಡಗಿದರು. ಬಾಣಾವರದಲ್ಲಿ ನಡೆದ ಸೋದರಮಾವನ ಮಗಳ ಮದುವೆಗೆ ಅಮ್ಮ ತಲೆನೋವೆಂದು ಹೋಗಲಿಲ್ಲ. ನನ್ನನ್ನು ನೋಡಲು ಬೇಲೂರಿನಿಂದ ಬಂದ ಅತ್ತೆ ಊಟಕ್ಕೆ ಕೂತು, "ಯಾರು ಯಾರಿಗೆ ಬಾಣಂತನ ಮಾಡ್ತೀರಿ?" ಅಂದರು. ಬಡಿಸುತ್ತಿದ್ದ ಅಮ್ಮ ಸೆರಗೆಳೆದುಕೊಂಡು ಇನ್ನೊಂದು ಸೌಟು ಸಾರು ಹಾಕಿದಳು. ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ, ಅಮ್ಮನ ಮೇಲೆ.

ಪಕ್ಕದ ಕ್ವಾರ್ಟರ್ಸಿನಲ್ಲಿ ರೈಲ್ವೆ ಗಾರ್ಡೊಬ್ಬರ ಸಂಸಾರವಿತ್ತು, ಕ್ರೈಸ್ತರು. ಗಾರ್ಡರ ಹೆಂಡತಿ ತಮ್ಮ ಮಗನನ್ನು "ಇಸಾಕಾ!" ಎಂದು ಕೂಗುತ್ತಿದ್ದರು. ಒಂದು ಮಧ್ಯಾಹ್ನ ಅವರು ನಮ್ಮ ಜಗಲಿಯಲ್ಲಿ ಕೂತಿದ್ದಾಗ, ರಾಗಿ ಕೇರುತ್ತಿದ್ದ ಅಮ್ಮ ಕೇಳಿದಳು, "ಹಂಗಂದ್ರೆ ಏನ್ರೀ? ದೇವರ ಹೆಸರಾ?"

"ಅಲ್ಲ ಕಣ್ರೀ. ಹೀಬ್ರೂ ಮಾತು. ನಗ್ತಾನೆ ಅಂತ ಅರ್ಥ."

"ಮಗೂಗೆ ಅಂಥ ಹೆಸರು ಯಾಕೆ?"

"ನಮ್ಮ ಶಾಸ್ತ್ರದಲ್ಲಿ ಬರ್ತದೆ. ಆ ಹೆಸರಿನ ಮೊದಲನೇ ಮಗೂನ ತಾಯಿ ಸಾರಾ, ಮುದುಕಿ. ನಿನ್ನ ಹೆಂಡತಿಗೆ ಮಗ ಹುಟ್ತಾನೆ ಅಂತ ದೇವರು ಅವಳ ಗಂಡನಿಗೆ ಅಂದಿದ್ದು ಕೇಳಿಸ್ಕೊಂಡು ಗುಡಾರದೊಳಗೇ ನಕ್ಕುಬಿಟ್ಳು. ಯಾಕೆ ನಕ್ಕೆ ಅಂದ್ರೆ, ಹೆದರ್ಕೊಂಡು, ನಕ್ಕೇ ಇಲ್ಲ ಅಂದ್ಳು."

"ಎಷ್ಟು ವಯಸ್ಸು?"

"ತೊಂಬತ್ತು."

ಅಮ್ಮನ ಕೈಯಲ್ಲಿದ್ದ ಮೊರ ನಿಂತಿತು. "ತೊಂಬತ್ತಾ! ಊರೋರು ನಗಲಿಲ್ವಾ?"

"ನಕ್ಕಿರ್ತಾರೆ. ಮಗ ಹುಟ್ಟಿದ ಮೇಲೆ ಅವಳೂ ನಕ್ಳು. ಅದಕ್ಕೇ ಆ ಹೆಸರು."

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಗತೊಡಗಿದಳು. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುನಗುತ್ತಲೇ ಅಳು ಬಂತು. ಗಾರ್ಡರ ಹೆಂಡತಿ ಅವಳ ಬೆನ್ನು ಸವರಿದರು. ಸವರಬೇಕಾದವಳು ನಾನು. ಎದ್ದು ಒಳಗೆ ಹೋದೆ.

ನನಗೆ ಮಗಳು ಹುಟ್ಟಿದಳು. ತುಂಬಿದ ಹೊಟ್ಟೆ ಹೊತ್ತುಕೊಂಡೇ ಅಮ್ಮ ನನಗೂ ಮಗುವಿಗೂ ನೀರೆರೆದಳು. ಮಗಳು ಮಗುಚಿಕೊಳ್ಳುವ ಮುನ್ನವೇ ತಮ್ಮ ಹುಟ್ಟಿದ. ಅಮ್ಮನಿಗೆ ಹಾಲು ಸಾಲಲಿಲ್ಲ. ಕೂಸು ಒಂದೇ ಸಮನೆ ಕಿರುಚುತ್ತಿತ್ತು.

"ನೀನೇ ಒಂದಿಷ್ಟು ಕೊಡ್ತೀಯೇನೇ?" ಎಂದು ಕೇಳಿದಾಗ ಅವಳು ನನ್ನ ಮುಖ ನೋಡಲಿಲ್ಲ.

ಬಾಗಿಲು ಹಾಕಿ, ಗೋಡೆಗೆ ಮುಖ ಮಾಡಿ ಕೂತು, ತಮ್ಮನಿಗೆ ಹಾಲೂಡಿದೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಅವನಿಗೆ ಅದೇನು ಗೊತ್ತು? ಹೊಟ್ಟೆ ತುಂಬಿ, ನನ್ನ ಬೆರಳು ಹಿಡಿದುಕೊಂಡೇ ನಿದ್ದೆಹೋದ. ಊರಿಗೆ ಮರಳುವವರೆಗೂ ಇಬ್ಬರಿಗೂ ಊಡಿದೆ. ಬೇಲೂರಿನಲ್ಲಿ ಯಾರಿಗೂ ಹೇಳಲಿಲ್ಲ.

ನಾಮಕರಣದಲ್ಲಿ ಅವನಿಗೆ ತಾತನ ಹೆಸರಿಟ್ಟರು. ನಾನು ಹೊರಟ ದಿನ ಅಮ್ಮ ಅವನನ್ನೆತ್ತಿಕೊಂಡು, ಹಾಡುಹಗಲಲ್ಲಿ, ಪೇಟೆಬೀದಿಯ ನಡುವೆ ಬಸ್ಸಿನವರೆಗೂ ಬಂದಳು. ಅಂಗಡಿಯವರೊಬ್ಬರು ಕೇಳಿದರು, "ಮೊಮ್ಮಗನೇನ್ರಮ್ಮಾ?"

"ಅಲ್ಲ, ನನ್ಮಗ," ಎಂದಳು ಅಮ್ಮ.

ನಾನು ಮಗಳನ್ನು ಅವುಚಿಕೊಂಡು ಬೇಗ ಬೇಗ ಮುಂದೆ ನಡೆದೆ.