ಪ್ರಾರ್ಥನೆಯ ಹೊತ್ತಿನ ಸುದ್ದಿ

ಹಾರನಹಳ್ಳಿಯಿಂದಾಚೆಗಿನ ಒಂದು ಪುಟ್ಟ ಶಾಲೆಗೆ ತಪಾಸಣೆಗೆ ಹೋಗಿದ್ದೆ. ಅಲ್ಲಿಗೆ ಪೇಪರ್ ಬರುವುದೇ ಮಧ್ಯಾಹ್ನದ ಬಸ್ಸಿಗೆ. ಹಾಗಾಗಿ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ತಾವೇ ಬರೆದ ಊರ ಸುದ್ದಿ ಓದುತ್ತಾರೆ. ಅವತ್ತು ನಾಲ್ಕನೇ ತರಗತಿಯ ಪವಿತ್ರಳ ಸರದಿ.

"ಶಿವಣ್ಣನವರ ಎಮ್ಮೆ ಹೆಣ್ಣುಗರು ಹಾಕಿದೆ," ಎಂದು ಶುರುಮಾಡಿದಳು. "ಸಾಹೇಬರು ಬರುತ್ತಾರೆಂದು ನಿನ್ನೆ ಪಾಠ ನಡೆಯಲಿಲ್ಲ, ಎಲ್ಲರೂ ಕಸ ಗುಡಿಸಿದೆವು. ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆಗೆದಿದ್ದಾರೆ. ಸಾಹೇಬರು ಹೋದ ಮೇಲೆ ಮತ್ತೆ ಹಾಕುತ್ತಾರೆ."

ಮುಖ್ಯ ಶಿಕ್ಷಕಿ ಜೋರಾಗಿ ಕೆಮ್ಮಿದರು. "ಸಾಕು ಕಣೇ, ಹೋಗಿ ಸಾಲಲ್ಲಿ ನಿಂತ್ಕೋ."

"ಇನ್ನೊಂದು ಐತೆ ಮಿಸ್."

"ಓದಮ್ಮ," ಅಂದೆ ನಾನು.

"ಬೀಗದ ಕೈ ಮಿಸ್ ಬ್ಯಾಗಿನಲ್ಲಿದೆ."

ನಗು ತಡೆದುಕೊಂಡು, ಬೀಗ ಯಾಕೆ ಅಂತ ಮೇಡಂ ಅವರನ್ನು ಕೇಳಿದೆ. "ಗಲೀಜು ಮಾಡ್ತಾರೆ ಸಾರ್," ಅಂದರು.

"ಮಾಡಿದ್ರೆ ತೊಳೆಸೋಣ. ಬೀಗದ ಕೈ ಇನ್ಮೇಲೆ ಈ ಮಗು ಹತ್ರಾನೇ ಇರ್ಲಿ."

ಅವರು ಬ್ಯಾಗಿನಿಂದ ತೆಗೆದು ಕೊಟ್ಟರು. ಪವಿತ್ರ ಅದನ್ನು ಜಡೆಯ ಟೇಪಿಗೆ ಗಂಟು ಹಾಕಿಕೊಂಡಳು. ಹುಡುಗಿಯರ ಸಾಲು ಚಪ್ಪಾಳೆ ತಟ್ಟಿತು.

ಭೇಟಿ ಪುಸ್ತಕದಲ್ಲಿ 'ವಾರ್ತಾವಾಚನ ಅತ್ಯುತ್ತಮ' ಎಂದು ಬರೆದೆ. ಮೇಡಂ ಓದಿ ಪುಸ್ತಕ ಮುಚ್ಚಿದರು. ನನಗೆಂದು ಕಾಯಿಸಿದ್ದ ಕಾಫಿ ಅಡುಗೆ ಕೋಣೆಯಿಂದ ಆಚೆ ಬರಲೇ ಇಲ್ಲ.