ಮಗ್ಗದ ಕುಣಿಗೆ ಒಂದು ಕೊಡ ಬಿಸಿನೀರು

ಜಮಖಂಡಿಯ ನಮ್ಮ ಮನೆಗೆ ಗ್ಯಾರೇಜು ಇದೆ, ಕಾರೂ ಇದೆ. ಆದರೆ ಕಾರು ಹೊರಗೆ ಬೇವಿನ ಗಿಡದ ಕೆಳಗೆ ಕಾಗೆಗಳ ಆಶೀರ್ವಾದ ಪಡೆಯುತ್ತ ನಿಂತಿದೆ. ಗ್ಯಾರೇಜಿನಲ್ಲಿರುವುದು ನನ್ನ ಅಣ್ಣನ ಮಗ್ಗ.

ಅಣ್ಣ ಬನಹಟ್ಟಿಯಲ್ಲಿ ಕೈಮಗ್ಗ ನೇಯುತ್ತಿದ್ದವನು. ಹೋದ ವರ್ಷ ವೈನಿ, ಅಂದರೆ ಅವನ ಹೆಂಡತಿ, ತೀರಿಕೊಂಡ ಮೇಲೆ ಅವನನ್ನು ನಮ್ಮಲ್ಲಿಗೆ ಕರೆದುಕೊಂಡು ಬಂದೆವು. ಅವನು ಒಂದೇ ಶರತ್ತು ಹಾಕಿದ: "ಮಗ್ಗ ಬಂದ್ರ ನಾ ಬರತೇನಿ." ತಹಶೀಲ್ದಾರ ಕಚೇರಿಯಲ್ಲಿ ಜೀವಮಾನವಿಡೀ ಶರತ್ತು ಹಾಕುವವರ ಪರವಾಗಿ ಟಿಪ್ಪಣಿ ಬರೆದ ನಾನು ಇದಕ್ಕೆ ಕೂಡಲೇ ಮಂಜೂರಾತಿ ಕೊಟ್ಟೆ. ಕುಣಿಮಗ್ಗಕ್ಕೆ ನೆಲದಲ್ಲಿ ಕುಣಿ ಬೇಕು. ನೇಕಾರ ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟು ಒಳಗಿನ ಹಲಗೆ ತುಳಿಯುತ್ತಾನೆ, ಮೇಲೆ ಕೈ ಲಾಳಿ ಎಸೆಯುತ್ತದೆ. ಗ್ಯಾರೇಜಿನ ಹೊಸ ಸಿಮೆಂಟ್ ನೆಲ ಒಡೆಸಿ ಕುಣಿ ತೋಡಿಸಿದೆ. ಗೌಂಡಿ ನನ್ನ ಮುಖವನ್ನೇ ನೋಡಿ, "ಯಾರನ್ನ ಹುಗಿಯೋದೈತ್ರೀ ಸಾಹೇಬರ?" ಎಂದ.

ಮಗ್ಗದ ಜೊತೆ ಒಂದು ಬುಟ್ಟಿಯೂ ಬಂತು. ನೇಕಾರರ ಮನೆಯಲ್ಲಿ ಗಂಡ ನೇಯುತ್ತಾನೆ, ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ಹೆಂಡತಿ ಸುತ್ತುತ್ತಾಳೆ. ಬಟ್ಟೆಯ ಉದ್ದ ಅವನದು, ಅಡ್ಡ ಅವಳದು. ವೈನಿ ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಸೀರೆಗಾಗುವಷ್ಟು ಕಂಡಿಕೆ ಸುತ್ತಿ ಬುಟ್ಟಿ ತುಂಬಿಸಿಟ್ಟಿದ್ದರು. "ನಾ ಬರೂತನಕ ಮಗ್ಗ ನಿಲ್ಲಬಾರದು ನೋಡ್ರಿ" ಎಂದಿದ್ದರಂತೆ. ಅವರು ಬರಲಿಲ್ಲ, ಮಗ್ಗವೂ ನಿಂತಿತು. ಬುಟ್ಟಿ ಗ್ಯಾರೇಜಿನ ಗೂಟಕ್ಕೆ ತೂಗುಬಿದ್ದು ಮಳೆಗಾಲ ಕಳೆಯಿತು.

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಅಣ್ಣ ಬುಟ್ಟಿ ಇಳಿಸಿದ. ಅವನ ಬೆರಳ ಗೆಣ್ಣುಗಳು ಆಗಲೇ ಬಾತುಕೊಂಡು, ತಿಂಗಳಿಂದ ತಿಂಗಳಿಗೆ ಮಡಚುವುದು ಕಡಿಮೆಯಾಗುತ್ತಿತ್ತು. ನಾನು ಬೇಸಿಗೆಯವರೆಗೆ ತಡೆಯಲು ಹೇಳಿದೆ.

"ಬ್ಯಾಸಗಿಗೆ ಈ ಕೈ ಇರತಾವಂತ ಯಾರು ಬರದು ಕೊಟ್ಟಾರಲೇ?" ಎಂದ. "ಅಕಿ ಸುತ್ತಿದ್ದು ನಾ ನೇಯಬೇಕು. ಅಷ್ಟ ಮುಗಿಸಿದ್ರ ಆತು, ಆಮ್ಯಾಲ ನಿನ್ನ ಕಾರ ಒಳಗ ತಂದು ನಿಲ್ಲಸು."

ಹೀಗೆ, ಗ್ಯಾರೇಜಿಗೆ ಶಾಖ ಒದಗಿಸುವ ವಿಷಯ ನಮ್ಮ ಮನೆಯಲ್ಲಿ ಅಧಿಕೃತವಾಗಿ ಮಂಡನೆಯಾಯಿತು. ನಮ್ಮ ಕಡೆ ಚಳಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ವರ್ಷದ ಬಹುಭಾಗ ಬಿಸಿಲನ್ನು ಬಯ್ಯುವುದರಲ್ಲೇ ಹೋಗುವುದರಿಂದ ಚಳಿಯನ್ನು ಬಯ್ಯಲು ಪುರಸೊತ್ತಿಲ್ಲ. ಆದರೆ ತಗಡಿನ ಸೂರು, ತಗಡಿನ ಶಟರು, ನಡುವೆ ನೆಲದಲ್ಲೊಂದು ಕುಣಿ. ಮಾರ್ಗಶಿರದ ಮುಂಜಾನೆ ಅಲ್ಲಿ ಕೂತರೆ ಚಳಿಯ ಯೋಗ್ಯತೆ ತಿಳಿಯುತ್ತಿತ್ತು. ಹರಿದ ಎಳೆಗೆ ಗಂಟು ಹಾಕಲು ಹೋದರೆ ಅಣ್ಣನ ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿರಲಿಲ್ಲ. ಎರಡು ಬೆರಳ ನಡುವಿನ ಆ ಸಂದಿಯಲ್ಲಿ ಸೀರೆ ಸಿಕ್ಕಿಹಾಕಿಕೊಂಡಿತ್ತು.

ನನ್ನ ಹೆಂಡತಿ ಶೇಗಡಿಯ ಪಕ್ಷ. ಇದ್ದಿಲು ತುಂಬಿ ಹಚ್ಚಿ ಬದಿಗಿಟ್ಟಳು. ಶಟರು ಮುಚ್ಚಿದರೆ ಹೊಗೆಗೆ ಉಸಿರು ಕಟ್ಟುತ್ತಿತ್ತು, ತೆರೆದರೆ ಶಾಖವೆಲ್ಲ ಬೀದಿನಾಯಿಗೆ. ಮೇಲಾಗಿ ನೂಲಿನ ಪಕ್ಕ ಕಿಡಿ. ಅಣ್ಣ ಅರ್ಧ ಗಮನ ಲಾಳಿಗೆ, ಅರ್ಧ ಶೇಗಡಿಗೆ ಕೊಟ್ಟು, ಎರಡನ್ನೂ ಕೆಡಿಸಿ, "ಹೊರಗ ಒಯ್ಯವ್ವ ಇದನ್ನ, ಭಕ್ರಿ ಸುಡು" ಎಂದ.

ಮುಧೋಳ ರಸ್ತೆಯಲ್ಲಿ ಕೋಳಿ ಸಾಕುವ ಪರಿಚಯದವರೊಬ್ಬರು ಮರಿಗಳಿಗೆ ಹಚ್ಚುವ ದೊಡ್ಡ ಬಲ್ಬು ಕೊಟ್ಟರು. ಅದನ್ನು ಮಗ್ಗದ ಮೇಲೆ ಇಳಿಬಿಟ್ಟೆ. ಅಣ್ಣನ ಬೋಳುತಲೆ ಹೊಳೆಯಿತು, ಕೈ ಮಾತ್ರ ತಣ್ಣಗೇ ಉಳಿಯಿತು.

"ಇನ್ನೆಷ್ಟು ದಿನಾ ಕೂಡ್ರಸ್ತೀಲೇ? ತತ್ತಿ ಒಡದು ಹೊರಗ ಬರಲೇನು?" ಎಂದ ಅಣ್ಣ.

ಕೊನೆಗೆ, ಚಳಿಗೆ ಕಾರೂ ಚಾಲೂ ಆಗದೆ, ಬಸ್ಸು ಹಿಡಿದು ಮಹಾಲಿಂಗಪುರಕ್ಕೆ ಹೋದೆ. ಅಂಗಡಿಯವನಿಗೆ ಹೀಟರ್ ಎಂದಾಗ ಅವನು ಕಿವಿಯ ಮೇಲಿನ ಮಫ್ಲರು ಸರಿಸಿದ. "ಕೂಲರೇನ್ರೀ?" "ಅಲ್ಲಪಾ, ಹೀಟರ." "ಯಾರಿಗ್ರೀ, ಸಣ್ಣ ಕೂಸಿಗೇನು?" "ಹೌದು, ನಮ್ಮಣ್ಣಗ." ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿ, ಅದರ ಕಾಯಿಲು ಕೆಂಪಾಗುವುದನ್ನು ತೋರಿಸಿ, ನನ್ನನ್ನು ಕನಿಕರದಿಂದ ನೋಡಿ ಕಟ್ಟಿಕೊಟ್ಟ. ಬಸ್ಸಿನಲ್ಲಿ ಜಾಗವಿರಲಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಜಮಖಂಡಿಯವರೆಗೂ ನಿಂತು ಬಂದೆ.

ಹೀಟರು ಗೆದ್ದಿತು. ಮಗ್ಗದ ಎಡಕ್ಕಿಟ್ಟು ಹಚ್ಚಿದರೆ ಗ್ಯಾರೇಜು ಮದುವೆಮನೆಯ ಅಡಿಗೆಕೋಣೆಯಂತೆ ಬೆಚ್ಚಗಾಗುತ್ತಿತ್ತು. ಅಣ್ಣ ಬೆರಳು ಮಡಚಿ ತೋರಿಸಿದ. ಗಂಟು ಬಿತ್ತು, ಲಾಳಿ ಓಡಿತು. "ಛಲೋ ಆತಲೇ ತಮ್ಮಾ" ಎಂದ. ಕಚೇರಿಯ ದಿನಗಳಲ್ಲಿ ನನ್ನ ಯಾವ ಟಿಪ್ಪಣಿಗೂ ಅಷ್ಟು ಒಳ್ಳೆಯ ಷರಾ ಬಿದ್ದಿರಲಿಲ್ಲ. ಬುಟ್ಟಿಯ ಕಂಡಿಕೆಗಳು ಒಂದೊಂದಾಗಿ ಇಳಿಯುತ್ತ ಬಂದವು, ಸೀರೆ ಒಂದೊಂದು ಮೊಳ ಬೆಳೆಯುತ್ತ ಬಂತು.

ಸಂಕ್ರಾಂತಿಯ ಹೊತ್ತಿಗೆ ಅಣ್ಣ ಕುಂಟತೊಡಗಿದ. ಮೊದಮೊದಲು ಗೋಡೆ ಹಿಡಿದ, ಆಮೇಲೆ ನನ್ನ ಹೆಗಲು ಹಿಡಿದ. ಕೇಳಿದರೆ "ವಯಸ್ಸು" ಎಂದು ಒಂದೇ ಮಾತಿನಲ್ಲಿ ಕಡತ ಮುಚ್ಚುತ್ತಿದ್ದ. ಒಂದು ಮಧ್ಯಾಹ್ನ ಲಾಳಿ ಅವನ ಕೈ ತಪ್ಪಿ ಕುಣಿಯೊಳಗೆ ಬಿತ್ತು. ಅವನಿಗೆ ಬಗ್ಗಲಾಗದೆ ನಾನೇ ಕಾಲಿಳಿಸಿದೆ. ಪಾದ ಕೆಸರಿನಲ್ಲಿ ಹೂತಿತು. ತಣ್ಣನೆಯ ಕೆಸರು ಎಷ್ಟು ಕೊರೆಯುತ್ತಿತ್ತೆಂದರೆ ಬಾಯಿಂದ ಉಸಿರು ಹೊರಬಿತ್ತು.

"ಏನಣ್ಣಾ ಇದು? ಒಳಗ ಕಬ್ಬ ಹಚ್ಚೀಯೇನು?"

ಅವನು ನೂಲನ್ನು ಬಡಿದು ಕೂರಿಸುವ ಹಣಿಗೆಯನ್ನು ಸವರುತ್ತ ಕೂತ. "ಹೀಟರ ಹಚ್ಚಿದಾಗಿಂದ ಎಳಿ ಒಣಗಿ ಪಟಪಟ ಹರ್ಯಾಕತ್ತಿದ್ದೂ. ಎಳಿಗಿ ತಂಪು ಬೇಕಲ್ಲೋ. ದಿನಾ ಒಂದೆರಡು ತಂಬಿಗಿ ನೀರ ಹಾಕತೇನಿ."

"ಎಳಿಗಿ ತಂಪಾತು. ನಿನಗ?"

"ನನಗ ಹೀಟರ ಐತಲ್ಲ."

ಒಣ ಗಾಳಿಗೆ ಹತ್ತಿಯ ನೂಲು ಹರಿಯುತ್ತದೆಂಬುದು ನೇಕಾರರ ಓಣಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸಣ್ಣವನಿದ್ದಾಗ ಬೇಸಿಗೆಯಲ್ಲಿ ಅಪ್ಪನ ಮಗ್ಗದ ಕುಣಿಗೆ ನೀರು ಚಿಮುಕಿಸುತ್ತಿದ್ದವನು ನಾನೇ. ಹೀಟರಿನ ವಿಚಾರವಾಗಿ ನಾನು ಗೋಡೆ, ಶಟರು, ಹೊಗೆ, ಕಿಡಿ, ವಿದ್ಯುತ್ತು ಎಲ್ಲವನ್ನೂ ಪರಿಶೀಲಿಸಿದ್ದೆ. ನೂಲಿನ ಅಭಿಪ್ರಾಯ ಮಾತ್ರ ಯಾರೂ ಕೇಳಿರಲಿಲ್ಲ.

"ಮೊದಲ ಹೇಳಬೇಕಿಲ್ಲೋ ನೀನು?"

"ಹೆಂಗ ಹೇಳ್ಲಿ? ಪೆಟಗಿ ತಬ್ಬಿಕೊಂಡು ಬಸ್ಸಿನ್ಯಾಗ ನಿಂತ ಬಂದಿ. ಹೊಸಾ ಸೊಸಿ ಬಂದಂಗ ಅದನ್ನ ಒರಸಿ ಇಟ್ಟಿ" ಎಂದ. ತನ್ನ ಅಂಗೈಗಳನ್ನು ನೋಡಿಕೊಂಡು, "ಮತ್ತ, ಕೈ ಖರೇನ ಬೆಚ್ಚಗ ಆಗಿದ್ದೂ" ಎಂದ.

ಡಾಕ್ಟರು ಮೊಳಕಾಲು ಒತ್ತಿ ನೋಡಿ ಮಾತ್ರೆ ಕೊಟ್ಟು, ಕುಣಿಗೆ ಇಳಿಯುವುದು ಬಂದ್ ಎಂದರು. ಅಣ್ಣ ಪಡಸಾಲೆಯಲ್ಲಿ ಹಾಸಿಗೆ ಹಿಡಿದ. ಹೀಟರನ್ನು ಅವನ ಕಾಲ ಬಳಿ ತಂದಿಟ್ಟೆವು. ಅವನು ಅದರ ಕಡೆಗೆ ಬೆನ್ನು ಮಾಡಿ, ಗ್ಯಾರೇಜಿನ ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಮಾತಾಡಿಸಿದರೆ ಮಾತಾಡುತ್ತಿದ್ದ. ಬಯ್ಯುವುದನ್ನು ಮಾತ್ರ ನಿಲ್ಲಿಸಿದ್ದ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಒಂದು ಮುಂಜಾನೆ ನನ್ನ ಹೆಂಡತಿ ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ತಾಮ್ರದ ಕೊಡಕ್ಕೆ ತುಂಬಿ, ಗ್ಯಾರೇಜಿಗೆ ಹೊತ್ತು ಒಯ್ದು ಕುಣಿಯಲ್ಲಿಟ್ಟಳು. ಬಾಯಿ ಮುಚ್ಚಲಿಲ್ಲ. ಕುಣಿ ಬೆಚ್ಚಗಾಯಿತು, ಉಗಿ ಮೇಲೆದ್ದು ನೂಲಿಗೆ ತಾಗಿತು. ಎಳೆಗೂ ತೇವ, ಕಾಲಿಗೂ ಶಾಖ. ಇಡೀ ಚಳಿಗಾಲ ನಾವು ಹುಡುಕಿದ್ದು ಬಚ್ಚಲಲ್ಲೇ ಇತ್ತು.

"ಬಾವಾರ, ಬರ್ರಿ ಒಮ್ಮಿ" ಎಂದು ಕರೆದಳು.

ಅಣ್ಣ ಬಾಗಿಲಲ್ಲಿ ನಿಂತು ಆ ಕೊಡವನ್ನು ನೋಡಿದ. "ಭಾಳ ಛಲೋ ಆತವ್ವ. ಆದ್ರ ಕಾಲು ಹೋದೂವಲ್ಲ."

"ಕಾಲು ಇವರದು ಅದಾವಲ್ರೀ. ಕುಂತು ಏನ್ ಮಾಡತಾರ?"

ಹಾಗೆ ನಾವಿಬ್ಬರು ಮುದುಕರು ಕುಣಿಯ ಅಂಚಿಗೆ ಹಾಕಿದ ಒಂದೇ ಹಲಗೆಯ ಮೇಲೆ ಹೆಗಲಿಗೆ ಹೆಗಲು ಹಚ್ಚಿ ಕೂತೆವು. ಕುಣಿಯಲ್ಲಿ ನನ್ನ ಕಾಲು, ಮೇಲೆ ಅವನ ಕೈ. ಅವನ ಕಾಲುಗಳನ್ನು ಬದಿಗೆ ಚಾಚಿ ರಗ್ಗು ಹೊದಿಸಿದ್ದೆವು. "ಒತ್ತಲೇ! ಎಡಗಾಲು! ಬಲಗಾಲಿಗೆ ಎಡಾ ಅಂತಾರೇನು ನಿಮ್ಮ ಕಚೇರ್ಯಾಗ?" ಬೈಗುಳ ಮರಳಿ ಬಂದಿತ್ತು. ಅವನು ಒಬ್ಬನೇ ಕೂತರೆ ಒಂದು ಮೊಳ ಆಗುವ ಹೊತ್ತಿನಲ್ಲಿ ನಮ್ಮದು ನಾಲ್ಕು ಬೆರಳಗಲ. ಆ ಭಾಗದಲ್ಲಿ ಸೀರೆಯ ಅಂಚು ಗಲಗಲಿಯ ಹೊಳೆದಂಡೆಯಂತೆ ಹೊರಳಿದೆ. ಅಣ್ಣ ಬಿಚ್ಚಿಸಲಿಲ್ಲ.

ಶಿವರಾತ್ರಿ ಸಮೀಪಿಸಿದಾಗ ಒಂದು ಬೆಳಿಗ್ಗೆ ಅವನು ಬುಟ್ಟಿಗೆ ಕೈ ಹಾಕಿದ. ಬೆರಳುಗಳು ಬುಟ್ಟಿಯ ತಳವನ್ನು ತಡವಿದವು. ಹೀಟರಿನ ದಿನಗಳಲ್ಲಿ ಲಾಳಿಯೊಳಗೂ ಹರಿದು ಹಾಳಾದ ನೂಲು ಇಲ್ಲಿ ಬಂದು ಲೆಕ್ಕ ಕೇಳಿತ್ತು. ಸೀರೆ ಇನ್ನೂ ಒಂದು ಮೊಳ ಬಾಕಿ ಇತ್ತು. ಮಗ್ಗದ ಮೇಲೆ ಅಣ್ಣನ ಉದ್ದದ ಎಳೆಗಳು ಬಿಗಿಯಾಗಿ ಕಾಯುತ್ತಿದ್ದವು.

ಕೊಡ ಹೊತ್ತು ಬಂದಿದ್ದ ನನ್ನ ಹೆಂಡತಿ ಅದನ್ನು ಕುಣಿಯಲ್ಲಿಡದೆ ನೆಲದ ಮೇಲಿಟ್ಟು, ಮೆಲ್ಲಗೆ ಕೇಳಿದಳು: "ಬಾವಾರ, ಅದ ಬಣ್ಣದ ನೂಲು ಬನಹಟ್ಟ್ಯಾಗ ಸಿಗತೈತಿ. ನಾ ಸುತ್ತಿ ಕೊಡ್ಲೇನ್ರೀ? ಒಂದ ಮೊಳಾ ಅಲ್ಲೇನ್ರೀ."

ಅಣ್ಣ ಬಹಳ ಹೊತ್ತು ಖಾಲಿ ಲಾಳಿಯನ್ನು ಅಂಗೈಯಲ್ಲಿ ಹೊರಳಿಸಿದ.

"ಬ್ಯಾಡವ್ವ. ತಪ್ಪ ತಿಳೀಬ್ಯಾಡ. ಅಕಿ ಎಷ್ಟ ಕೊಟ್ಟ ಹೋಗ್ಯಾಳ, ಅಷ್ಟ."

ಕತ್ತರಿ ಕೇಳಿದ. ಬೆರಳು ಅದರ ಕಣ್ಣೊಳಗೆ ಹೋಗಲಿಲ್ಲ. ನಾನು ಹಿಡಿದೆ, ಅವನು ತೋರಿಸಿದ ಕಡೆ ಕತ್ತರಿಸಿದೆ. ಬಿಗಿದಿದ್ದ ಎಳೆಗಳೆಲ್ಲ ಒಮ್ಮೆಲೇ ಸಡಿಲಾಗಿ ಕುಣಿಯೊಳಗೆ ಜೋತವು. ಒಂದು ಮೊಳ ಗಿಡ್ಡ ಸೀರೆಯನ್ನು ಅಣ್ಣ ತೊಡೆಯ ಮೇಲೆ ಮಡಚಿಕೊಂಡ. ಅಂಚಿಗೆ ಅಂಚು ಕೂರಿಸಲು ನೋಡಿದ, ನನ್ನ ಕಾಲಿನ ಭಾಗದಲ್ಲಿ ಅದು ಕೂರಲಿಲ್ಲ.

ನಾನು ಎದ್ದು ಕೊಡ ಎತ್ತಲು ಹೋದೆ.

"ಚೆಲ್ಲಬ್ಯಾಡಲೇ" ಎಂದ. "ಇನ್ನೂ ಬಿಸಿ ಐತಿ. ಇಲ್ಲೆ ತಾ, ಮುಖಾ ತೊಳಕೋತೇನಿ."

ತಂಬಿಗೆಯಲ್ಲಿ ತಣ್ಣೀರು ಬೆರೆಸಿ ಕೊಟ್ಟೆವು. ಶಟರಿನ ಹೊರಗೆ ಬೇವಿನ ಗಿಡದ ಕೆಳಗೆ, ಕಾರಿಗೆ ಒರಗಿ ನಿಂತು, ಮುಖ ತೊಳೆದುಕೊಂಡ. ಕೊಡ ಖಾಲಿಯಾಗುವವರೆಗೂ ತೊಳೆದುಕೊಂಡ.